ಉದ್ಯೋಗ ಎಂಬ ಖಾನೆ

ಟೋಯ್ವೊ, ಕಾಲೇಜಿನ ಪತ್ರಿಕೆಯವರು
ನಿನಗೆ ಕೊಟ್ಟಿರುವುದು ಆರು ಸಾಲು.
ಹೆಸರು, ಇಸವಿ, ಊರು ಡುಲೂತ್, ಉಳಿದವರು.
ಉದ್ಯೋಗಕ್ಕೆ ಒಂದೇ ಖಾನೆ,
ನನ್ನ ಹೆಬ್ಬೆರಳಿನಷ್ಟು ಅಗಲ.

ಭೂಗರ್ಭಶಾಸ್ತ್ರ ಎಂದು ತುಂಬಲೆ?
ನಾಲ್ಕು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೂತು
ಕಲ್ಲನ್ನು ನೆಕ್ಕಿ ಜಾತಿ ಹೇಳುತ್ತಿದ್ದವನು ನೀನು.
ಮೇಷ್ಟರು ಮುಖ ಸಿಂಡರಿಸಿದರೂ
ಉತ್ತರ ತಪ್ಪುತ್ತಿರಲಿಲ್ಲ.
ಪದವಿ ಸಿಕ್ಕ ವಾರವೇ ಅದಿರಿನ ಹಡಗು ಹತ್ತಿದೆ,
ಅಡುಗೆಯವನಾಗಿ.
‘ಕಲ್ಲಿನ ಮೇಲೆ ಮಲಗಿ ನೀರಿನ ಮೇಲೆ ತೇಲುತ್ತಿದ್ದೇನೆ,
ಓದು ದಂಡವಾಗಲಿಲ್ಲ’ ಎಂದು
ಕ್ಲೀವ್‌ಲ್ಯಾಂಡಿನಿಂದ ಒಂದು ಕಾರ್ಡು, ಎಣ್ಣೆಯ ಕಲೆ ಸಮೇತ.

ಆಮೇಲೆ ಶಾಲೆಯ ಬಸ್ಸು.
ಆಮೇಲೆ ಪಿಯಾನೊ ಶ್ರುತಿ ಮಾಡುವ ಕಸುಬು, ಯಾರು ಕಲಿಸಿದರೋ.
ನಮ್ಮಮ್ಮನ ಪಿಯಾನೊದೊಳಗೆ ಅರ್ಧ ದಿನ ತಲೆ ಹುದುಗಿಸಿ
ಎರಡು ಹೇರ್‌ಪಿನ್ನು, ಒಂದು ಹಾಲುಹಲ್ಲು
ಎತ್ತಿ ಕೈಗಿಟ್ಟೆ.
ಹಲ್ಲು ಯಾರದೆಂದು ಇವತ್ತಿಗೂ ಗೊತ್ತಿಲ್ಲ.

ನಗರಸಭೆಗೆ ನಿಂತೆ, ಹನ್ನೊಂದು ಮತದಿಂದ ಬಿದ್ದೆ.
ಆ ರಾತ್ರಿ ‘ಹನ್ನೊಂದು ಮಂದಿಯನ್ನು ಹುಡುಕಿ ಬರುತ್ತೇನೆ’ ಎಂದು ಹೊರಟು
ಹಿಮದಲ್ಲಿ ಒಂದು ಬೂಟು ಕಳಕೊಂಡು ಬಂದೆ.
ಎಲಿನ್ ನಿನ್ನನ್ನು ಬಿಟ್ಟುಹೋದದ್ದು ಆ ಚಳಿಗಾಲವೆ, ಮುಂದಿನದೆ?
ಕೇಳೋಣವೆಂದರೆ
ಕೇಳಬೇಕಾದವನು ನೀನೇ.

ಕಡೆಯ ಇಪ್ಪತ್ತು ವರ್ಷ ತೂಕ ಅಳತೆಯ ಇನ್ಸ್‌ಪೆಕ್ಟರು.
ಸುತ್ತಿ ಸುತ್ತಿ ಮತ್ತೆ ಕಲ್ಲಿಗೇ ಬಂದೆ,
ತೂಕದ ಕಲ್ಲು,
ಹಿತ್ತಾಳೆಯದು, ಮಖಮಲ್ಲಿನ ಪೆಟ್ಟಿಗೆಯಲ್ಲಿ.
ಹಾಲ್ವರನ ಮೀನಂಗಡಿಯ ತಕ್ಕಡಿ
ಅರ್ಧ ಔನ್ಸು ಸುಳ್ಳು ಹೇಳುತ್ತಿತ್ತು, ಗಿರಾಕಿಯ ಕಡೆಗೇ ವಾಲಿ.
ಅದಕ್ಕೂ ಕೆಂಪು ಚೀಟಿ ಅಂಟಿಸಿದೆ.
‘ಧರ್ಮ ಮಾಡುವುದಾದರೆ ಗೊತ್ತಿದ್ದು ಮಾಡು’ ಎಂದೆಯಂತೆ.
ಒಂಬತ್ತು ವರ್ಷ ಅವನು ನಿನ್ನ ಜೊತೆ ಮಾತು ಬಿಟ್ಟ.

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು.
ನಮ್ಮ ತರಗತಿಯವರು ನಾಲ್ವರು,
ಅದರಲ್ಲಿ ಒಬ್ಬಳಿಗೆ ಯಾರ ಊಟವೆಂಬುದೇ ನೆನಪಿಲ್ಲ.
ನಿನ್ನ ಬಸ್ಸಿನ ಮಕ್ಕಳು, ಈಗ ಬೋಳುತಲೆಯವರು,
ಯಾರ ಮನೆ ಮೊದಲು ಬರುತ್ತಿತ್ತೆಂದು ಜಗಳವಾಡುತ್ತಿದ್ದರು.
ಹಾಲ್ವರ್ ಬಂದ. ಹೊಗೆಗಿಟ್ಟ ಬಿಳಿಮೀನು,
ಕಂಕುಳಲ್ಲಿ ಹಿಡಿಸದಷ್ಟು ದೊಡ್ಡ ಪೊಟ್ಟಣ.
ಎಷ್ಟಿದೆ ಎಂದು ಕೇಳಿದೆ ನಾನು, ಕೇಳಬಾರದಿತ್ತು.
‘ತೂಗಲಿಲ್ಲ’
ಎಂದು ಕೋಟು ಬಿಚ್ಚದೆ ಮೂಲೆಯಲ್ಲಿ ಕೂತ.

ಮನೆಗೆ ಬಂದು ಖಾನೆಯಲ್ಲಿ
‘ಕಲ್ಲು’ ಎಂದಷ್ಟೇ ಬರೆದಿದ್ದೇನೆ.
ಅಚ್ಚಿನ ತಪ್ಪೋ ಎಂದು ಪತ್ರಿಕೆಯವರು ಫೋನು ಮಾಡುತ್ತಾರೆ.
ಮಾಡಲಿ.