ಅಡಿಟಿಪ್ಪಣಿ ಹದಿನೇಳು

ಪುಸ್ತಕ ಮುಗಿಯುತ್ತ ಬಂತು. ನೂರು ವರ್ಷ, ಒಂಬತ್ತು ಅಧ್ಯಾಯ.
ಸಪ್ತಾಪುರದ ಈ ಅಟ್ಟದ ಖೋಲಿಯಲ್ಲಿ ಕೂತು
ಗಂಡಸರು ಜಡೆ ಕತ್ತರಿಸಿಕೊಂಡ ವರ್ಷದಿಂದ ಶುರುಮಾಡಿದೆ,
ಗಾಜಿನ ಗೋಪುರಗಳವರೆಗೆ ಬಂದೆ.
ಚೀನಾ ನಾನು ನೋಡಿಲ್ಲ.

ನೋಡಿದ್ದು ಹುಬ್ಬಳ್ಳಿ ಸ್ಟೇಷನ್ ರೋಡಿನಲ್ಲಿ
ಕಟ್ಟಿಗೆಯ ಮೆಟ್ಟಿಲು ಹತ್ತಿದರೆ ಸಿಗುವ ದವಾಖಾನೆ.
ಕಾಲಿನಿಂದ ತುಳಿಯುವ ಗಿರಕಿ, ಗಾಜಿನ ಭರಣಿಯಲ್ಲಿ ಊರವರ ಹಲ್ಲು,
ಮೇ ತಿಂಗಳಲ್ಲೂ ಉಣ್ಣೆಯ ಕಾಲುಚೀಲ ಹಾಕಿದ ಡಾಕ್ಟರು.
ಹೂ ಎಂಬುದು ಅವರ ಮನೆತನದ ಹೆಸರು.
ಹೂವಿನ ಡಾಕ್ಟರ ಅಂದೆವು ನಾವು. ಅವರು ತಿದ್ದಲಿಲ್ಲ.
'ಹುಟ್ಟಿದ್ದು ಹುಬೈ, ಬಂದದ್ದು ಹುಬ್ಬಳ್ಳಿ.
ನಾಲಿಗಿ ಏನ್ ಭಾಳ ದೂರ ಬಂದಿಲ್ಲ, ತಗೀರಿ'
ಅನ್ನುತ್ತಿದ್ದರು, ಬಾಯೊಳಗೆ ಕನ್ನಡಿ ಇಟ್ಟು,
ನಗಲಿಕ್ಕೂ ಬಾರದ ಹೊತ್ತು ನೋಡಿ.

ಅರವತ್ತೆರಡರಲ್ಲಿ ಬೋರ್ಡಿನ ಮೇಲಿನ 'ಚೀನಾ'ಕ್ಕೆ ಸುಣ್ಣ ಬಳಿದರು.
ಸೋಮವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ,
ಧಾರವಾಡಕ್ಕೆ ಬರಲಿಕ್ಕೂ ಚೀಟಿ.
ಫೌಜದಾರರ ದವಡೆಹಲ್ಲಿಗೆ ಬೆಳ್ಳಿ ತುಂಬಿದ್ದು ಇವರೇ.
ಮಳೆ ಬಂದಾಗಲೆಲ್ಲ ಸುಣ್ಣದಡಿಯಿಂದ ಆ ಶಬ್ದ ಮೇಲೇಳುತ್ತಿತ್ತು.

ಅಕ್ಷರ ಕಲಿಸಿದ್ದೂ ಅವರೇ. ಹಳೆಯ, ಗೆರೆ ಹೆಚ್ಚಿನವು.
ಸೋದರಳಿಯ ಊರಿಂದ ಹೊಸ ಲಿಪಿಯಲ್ಲಿ ಬರೆದಾಗ ತಡವರಿಸಿದರು:
'ನೋಡ್ರಿ, ಕೇಳು ಅನ್ನೋ ಅಕ್ಷರದಾಗ ಮೊದಲ ಕಿವಿ ಇತ್ತು, ಎದೀ ಇತ್ತು.
ಈಗ ಬರೇ ಬಾಯಿ, ಮಗ್ಗಲಕ್ಕೊಂದು ಕೊಡ್ಲಿ.
ನಿಮ್ಮ ಕನ್ನಡs ಛಲೋ. ಕೇಳೂದಂದ್ರ ಕಿವೀನೂ ಹೌದು, ಬಾಯೀನೂ ಹೌದು.'

ಈಗ ಅವರ ಬೂಟಿನ ಡಬ್ಬಿ ನನ್ನ ಮೇಜಿನ ಮೇಲಿದೆ.
ನಲವತ್ತೊಂಬತ್ತರಲ್ಲಿ ತಮ್ಮ ದಂಡಿನ ಜೊತೆ ತೈವಾನಿಗೆ ಹೋದ.
ತಂಗಿ ಊರಲ್ಲೇ ಉಳಿದಳು, ಅವ್ವನ ಹತ್ತಿರ.
ಆ ದಂಡೆಯ ಕಾಗದ ಈ ದಂಡೆಗೆ ಮುಟ್ಟಬೇಕಾದರೆ
ಹುಬ್ಬಳ್ಳಿಗೆ ಬಂದು ಹೋಗಬೇಕು.
ಕೊನೆಯ ಪೇಶಂಟ್ ಇಳಿದು ಹೋದ ಮೇಲೆ
ಡಾಕ್ಟರು ನಕಲು ಮಾಡಿ, ನಮ್ಮ ಸಿಂಹದ ತಿಕೀಟು ಹಚ್ಚಿ,
ತಂಗಿಯನ್ನು ತಮ್ಮನಿಗೆ, ತಮ್ಮನನ್ನು ತಂಗಿಗೆ ಕಳಿಸುತ್ತಿದ್ದರು.
ಎರಡು ರಾಜ್ಯಗಳ ನಡುವಿನ ಅಂಚೆ
ಹಲ್ಲು ಕೀಳುವ ಇಕ್ಕಳದ ಪಕ್ಕದಲ್ಲಿ.

ಅರವತ್ತರ ಚಳಿಗಾಲದ ಕಾಗದ ಇದು. ತಂಗಿಯ ಅಕ್ಷರ:
'ಈ ವರ್ಷ ಗುಬ್ಬಿಗಳಿಲ್ಲ. ಅವ್ವನ ಹೊಟ್ಟೆ ತುಂಬಿತು.'
ಯಾರೋ ಒಡೆದು ಓದುತ್ತಾರೆ, ಅದಕ್ಕೇ ಹಾಗೆ ಬರೆದಳು.
ಆ ವರ್ಷ ಅಲ್ಲಿ ಯಾರ ಹೊಟ್ಟೆ ಹೇಗೆ ತುಂಬಿತೆಂದು
ನನ್ನ ನಾಲ್ಕನೆಯ ಅಧ್ಯಾಯದಲ್ಲಿ ಕೋಷ್ಟಕವಿದೆ.

ಡಾಕ್ಟರು ಉಳಿಸಿಕೊಂಡ ನಕಲು ಇದು.
ಚೀನೀ ಕ್ರಿಯಾಪದಕ್ಕೆ ಕಾಲವಿಲ್ಲ. ಮುಗಿಯಿತು ಎನ್ನಲು
ಸಾಲಿನ ಕೊನೆಗೆ ಎರಡೇ ಗೆರೆಯ ಒಂದು ಪುಟ್ಟ ಅಕ್ಷರ.
ಅದನ್ನೊಂದು ಬಿಟ್ಟಿದ್ದಾರೆ.

ಅಷ್ಟಕ್ಕೆ ಆ ಮುದುಕಿ ತೈಪೆಯಲ್ಲಿ ಇಪ್ಪತ್ತೇಳು ವರ್ಷ ಬದುಕಿದಳು.
ಚಳಿಗಾಲಕ್ಕೊಂದು ಜೊತೆ ಉಣ್ಣೆಯ ಕಾಲುಚೀಲ
ಅಲ್ಲಿಂದ ಹುಬ್ಬಳ್ಳಿಗೆ ಬಂತು, ಅವಳ ಅಳತೆಯದು.
ಮುಂದಕ್ಕೆ ಹೋಗಲಿಲ್ಲ.
ನಮಗೆಲ್ಲ ಅದೊಂದು ಚೇಷ್ಟೆ:
ಡಾಕ್ಟರ ಹಿಮ್ಮಡಿ ಸದಾ ಹೊರಗೆ.

ಎಂಬತ್ತೇಳರಲ್ಲಿ ಬಾಗಿಲು ತೆರೆಯಿತು. ತಮ್ಮ ಊರಿಗೆ ಹೋದ.
'ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ'
ಅಂದರು ಡಾಕ್ಟರು, ಬೇರೆ ಯಾರದೋ ಬಾಯಿ ನೋಡುತ್ತ.
ಆಮೇಲೆ ತೈಪೆಯಿಂದ ಕಾಗದವೂ ಬರಲಿಲ್ಲ, ಕಾಲುಚೀಲವೂ.

ಮೂಲ ಯಾವುದು, ಪಾಠಾಂತರ ಯಾವುದು
ಎಂದು ಗುರುತಿಸುವುದು ನನ್ನ ಕಸುಬು. ಗುರುತಿಸಿದೆ.
ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಹದಿನೇಳನೆಯ ಟಿಪ್ಪಣಿ:
'ನಕಲು ನಂಬತಕ್ಕದ್ದಲ್ಲ.'
ಬರೆದು ಮೂರು ದಿನ ಉಣ್ಣಲಿಕ್ಕೆ ಸೇರಲಿಲ್ಲ.

ಮುಂಜಾನೆ ಮಾಳಮಡ್ಡಿಯಿಂದ ಫೋನು, ಅಚ್ಚು ಜೋಡಿಸುವ ಮುಬೀನಾ:
'ಮೇಡಮ್, ನಿಮ್ಮ ಎರಡು ಗೆರೀ ಅಕ್ಷರ ನಮ್ಮಲ್ಲಿ ಬರವಲ್ದು.
ಆ ಜಾಗಾದಾಗ ಖಾಲಿ ಚೌಕ ಬರಾಕತ್ತೈತಿ.
ಹಂಗs ಬಿಡ್ಲೋ, ತಗದs ಬಿಡ್ಲೋ?'

ಬಂದೆ, ಅಂದೆ.
ಮಸಿಯ ಪೆನ್ನು ಪರ್ಸಿನಲ್ಲಿದೆ.
ಬಸ್ಸು ಇನ್ನೂ ಬಂದಿಲ್ಲ.