ಹೋಲಿಕೆ ಮನೆ ಎರಡು

ನಗದು ಎಣಿಸಿಕೊಟ್ಟು ಕೊಂಡವಳು ನಾನು, ಇಲೋನಾ ಸಾಬೊ.
ನಲವತ್ತೊಂದು ಸಾವಿರ. ಮೂವತ್ತೊಂದು ವರ್ಷ
ಊರವರ ಮಕ್ಕಳನ್ನು ಹಳದಿ ಬಸ್ಸಿನಲ್ಲಿ
ಶಾಲೆಗೆ ಒಯ್ದು, ಮರಳಿ ತಂದು, ಕೂಡಿಟ್ಟ ಗಂಟು.
ಕಾಸಿನ ಸಾಲವಿಲ್ಲ ಅಂತ
ಟೊಲೀಡೊದ ಆ ಬೀದಿಯಲ್ಲಿ ಎದೆ ಸೆಟೆಸಿಯೇ ನಡೆದೆ.

ಒಳಗೆ ಪೈಪು ಸೀಳಿತ್ತು. ಜನವರಿಯ ನೀರು
ಮೆಟ್ಟಿಲಿಳಿಯುತ್ತ ಇಳಿಯುತ್ತ ಅಲ್ಲೇ ಗಡ್ಡೆಕಟ್ಟಿ ನಿಂತಿತ್ತು.
ಕಳ್ಳರು ತಾಮ್ರ ಕಿತ್ತಿದ್ದರು,
ನಲ್ಲಿಯ ಮೂತಿಯನ್ನೂ ಬಿಟ್ಟಿರಲಿಲ್ಲ.
ನಾನೂ ಮೈದುನ ಫೆರೆಂಟ್ಸೂ ಗೋಡೆಯ ಕಾಗದ ಸುಲಿದೆವು:
ಗುಲಾಬಿ, ಅದರಡಿ ಹಡಗು, ಅದರಡಿ ಮತ್ತೆ ಗುಲಾಬಿ,
ಕೊನೆಗೆ ಯಾರೋ ಪೆನ್ಸಿಲಿನಲ್ಲಿ ಹಾಕಿದ ಕೂಡುವ ಲೆಕ್ಕ,
ತಪ್ಪು.

ಮೂವತ್ತೆಂಟು ಸಾವಿರ ಅದರ ಹೊಟ್ಟೆಗೆ ಹೋಯಿತು.

ಬ್ಯಾಂಕಿನ ಹುಡುಗಿ ಅಂದಳು:
ನಿಮ್ಮ ದುಡ್ಡಿನ್ನೂ ಕಾಯಿ, ಮೇಡಂ.
ಆರು ತಿಂಗಳಾಗಲಿ, ಆಮೇಲೆ ಬನ್ನಿ.
ಕಾದೆ, ಪತ್ರಿಕೆಯಲ್ಲಿ ಸುತ್ತಿಟ್ಟ ಪೇರ್ ಹಣ್ಣನ್ನು
ದಿನಕ್ಕೊಮ್ಮೆ ಒತ್ತಿ ನೋಡುವವರ ಹಾಗೆ.

ಆ ಕಾಯುವ ನಡುವೆ, ಆಗಸ್ಟಿನಲ್ಲಿ,
ನಾಲ್ಕು ಮನೆಯಾಚೆಯ ಯೂನಿಸ್ ಗಡ್ಸನ್
ವರಾಂಡದಲ್ಲಿ ಕೂತು ಅರವತ್ತೆರಡು ಅಂದಳು.
ಗುರುವಾರದೊಳಗೆ ಆಕೆಗೆ ಹಣ ಬೇಕಿತ್ತು.
ಯಾಕೆ ಅಂತ ನಾನು ಕೇಳಲಿಲ್ಲ. ಐವತ್ತಮೂರು ಅಂದೆ,
ನಗದು ಅಂದೆ, ಎದ್ದು ನಿಂತೆ.
ಹೊಸ್ತಿಲು ದಾಟುವ ಮೊದಲು ಹಿಂದಿನಿಂದ ದನಿ ಬಂತು: ಆಯ್ತು.
ಫೆರೆಂಟ್ಸ್ ಅಂದು ಬಿಯರು ತಂದ.
ಚೌಕಾಸಿ ಅಂದರೆ ನಿನ್ನದು ಅತ್ತಿಗೆ, ಅಂದ.

ನವೆಂಬರಿನಲ್ಲಿ ಬೆಲೆ ಕಟ್ಟುವವನು ಬಂದ,
ಡ್ವೈಟ್ ಹಾಲೊಮನ್. ಒಳ್ಳೆಯವನು,
ಬೂಟಿನ ಮೇಲೆ ನೀಲಿ ಚೀಲ ಹಾಕಿಕೊಂಡ,
ಗೋಡೆಗಳಿಗೆ ಕೆಂಪು ಚುಕ್ಕೆ ಬಿಟ್ಟ,
ಹೊಸ ತಾಮ್ರವನ್ನು ಬೆರಳಿನಿಂದ ತಟ್ಟಿ ಹೂಂ ಅಂದ.
ನನಗೆ ನೂರಿಪ್ಪತ್ತೈದು ಬೇಕಿತ್ತು.
ವರದಿಯಲ್ಲಿ ಬಂದದ್ದು ತೊಂಬತ್ತೆಂಟು.

ಪುಟ ತಿರುವಿದೆ. ಪಕ್ಕದಲ್ಲಿಟ್ಟು ತೂಗಿದ ಮನೆಗಳು ಮೂರು.
ಎರಡನೆಯದು: ಇದೇ ಬೀದಿ, ನಾಲ್ಕು ಬಾಗಿಲಾಚೆ,
ಮಾರಾಟ ಆಗಸ್ಟಿನಲ್ಲಿ, ಐವತ್ತಮೂರು ಸಾವಿರ.
ಫೋಟೋದಲ್ಲಿ ವರಾಂಡ. ಆಕೆಯ ಕುರ್ಚಿ ಇನ್ನೂ ಅಲ್ಲೇ ಇತ್ತು.

ನೂರರಲ್ಲಿ ಎಪ್ಪತ್ತೈದು ಕೊಡುತ್ತೇವೆ ಅಂದರು.
ಹಾಕಿದ್ದಕ್ಕಿಂತ ಐದೂವರೆ ಸಾವಿರ ಕಡಿಮೆ.
ಫೆರೆಂಟ್ಸ್ ಹಾಲೊಮನ್ನನನ್ನು ಬೈದ, ಬ್ಯಾಂಕನ್ನು ಬೈದ,
ರಾತ್ರಿಯವರೆಗೂ ಬೈದ.
ನಾನು ಸುಮ್ಮನಿದ್ದೆ.

ಸೋಮವಾರ ಸಹಿ. ನನ್ನದೇ ದುಡ್ಡು
ಬಡ್ಡಿಯ ಕೋಟು ತೊಟ್ಟು ನನ್ನೆದುರು ಬಂದು ಕೂತಿತು,
ಮೂವತ್ತು ವರ್ಷ ಇರುತ್ತೇನೆ ಅಂತ.
ಅರ್ಜಿಯ ಒಂಬತ್ತನೇ ಹಾಳೆಯಲ್ಲಿ ಒಂದು ಪ್ರಶ್ನೆ:
ಬೇರೆ ಯಾರಿಗಾದರೂ ಬಾಕಿ ಇದೆಯೇ?

ಇಲ್ಲ ಅಂತ ಬರೆದೆ.
ಪೆನ್ನು ಎರಡು ಸಲ ಮೂಡಲಿಲ್ಲ.
ಚಳಿಗಿರಬೇಕು, ಅಂದಳು ಆ ಹುಡುಗಿ,
ತನ್ನದನ್ನು ಕೊಟ್ಟಳು.