ಅಂಚಿನಲ್ಲಿ ಬರೆದದ್ದು

ಅತ್‌ಬಾಶಿಯ ಆಸ್ಪತ್ರೆಯಿಂದ ಮೇಲಿನ ಕಣಿವೆಗೆ
ತಿಂಗಳಿಗೊಮ್ಮೆ ನಾನು ಹೊತ್ತೊಯ್ಯುವುದು ಇಷ್ಟು:
ಕೊಕ್ಕೆಯ ತಕ್ಕಡಿ, ಅಳತೆಪಟ್ಟಿ, ಒಂದು ಗಿಲಕಿ,
ಮೂರು ಮರದ ತುಂಡು
(ನಾಲ್ಕಿದ್ದವು, ಒಂದನ್ನು ಯಾರದೋ ನಾಯಿ ಕಚ್ಚಿಕೊಂಡು ಹೋಯಿತು),
ಮತ್ತೆ ಮೈತುಂಬ ಚೌಕಗಳಿರುವ ಹಳದಿ ಕಾರ್ಡು.

ಕತ್ತು ನಿಂತಿತೇ. ಬೋರಲು ಬಿತ್ತೇ.
ಹೆಸರು ಕೂಗಿದರೆ ತಿರುಗಿತೇ.
ಕೇಳುವುದು ಕಾರ್ಡು, ನಾನು ಅದರ ಬಾಯಿ ಅಷ್ಟೆ.
ತಾಯಂದಿರು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಾರೆ
ಪರೀಕ್ಷೆ ಬರೆದವರು ತಾವೇ ಎಂಬಂತೆ.
ಸುಳ್ಳೂ ಹೇಳುತ್ತಾರೆ, ಪಾಪ:
'ನಿನ್ನೆ ನಡೆದ. ನೀವು ಬರುವ ತುಸು ಮುಂಚೆಯೂ ನಡೆದ.'

ಬುರುಲ್ಚಾ ಸುಳ್ಳು ಹೇಳುವವಳಲ್ಲ.
ಉಣ್ಣೆ ಬಡಿಯುವ ಕೋಲು ಕೆಳಗಿಟ್ಟು
'ಇಲ್ಲ' ಎಂದಳು. 'ಇನ್ನೂ ಇಲ್ಲ.'
ತೆಮಿರ್ಲಾನನಿಗೆ ಇಪ್ಪತ್ತೆರಡು ತಿಂಗಳು.
ಅಂಬೆಗಾಲೂ ಇಕ್ಕಿದವನಲ್ಲ, ಅವನದು ಬೇರೆಯೇ ಸವಾರಿ:
ಕುಂಡಿಯೂರಿ, ಒಂದು ಕಾಲು ಮಡಚಿ,
ಇನ್ನೊಂದನ್ನು ಹುಟ್ಟಿನಂತೆ ಹಾಕುತ್ತ
ಕಂಬಳಿಯ ಮೇಲೆ ದೋಣಿ ನಡೆಸುತ್ತಾನೆ.
ಚಡ್ಡಿಯ ಹಿಂದೆ ಎರಡು ತೇಪೆ.

ಬಾಗಿಲ ಪಕ್ಕದ ಮೊಳೆಯಲ್ಲಿ ಆ ದಾರ.
ಕರಿಯ ಎಳೆ, ಬಿಳಿಯ ಎಳೆ.
ಹತ್ತು ತಿಂಗಳಾದಾಗಲೇ ಅಜ್ಜಿ ಕನಿಶಾಯ್ ಹೊಸೆದಿಟ್ಟದ್ದು.
ಕೂಸು ದಟ್ಟಡಿಯಿಟ್ಟ ಮೇಲೆ ನಮ್ಮಲ್ಲಿ
ಕಾಲೆರಡಕ್ಕೂ ಅದನ್ನು ಸುತ್ತಿ ನಿಲ್ಲಿಸುತ್ತಾರೆ.
ದೂರದಿಂದ ಮಕ್ಕಳ ಓಟ, ಗೆದ್ದವರ ಕೈಗೆ ಕತ್ತರಿ.
ದಾರ ಕಡಿದರೆ ದಾರಿ.
ಆ ದಿನಕ್ಕೆಂದು ಕೊಬ್ಬಿಸಿಟ್ಟ ಕುರಿ
ಎರಡನೆಯ ಚಳಿಗಾಲವನ್ನೂ ದಾಟಿ ಹೊರಗೆ ಮೆಲುಕು ಹಾಕುತ್ತಿದೆ.
ಅವನ ನಿಧಾನ ಒದಗಿದ್ದು ಅದೊಂದಕ್ಕೇ.

ಮಂಡಿ ತಟ್ಟಿದೆ. ಪಾದ ಬಾಗಿಸಿದೆ.
ತೊಡೆಯ ಮಡಿಕೆಗಳು ಸಮ. ಸ್ನಾಯು ತುಸು ಮೆತ್ತಗೆ.
'ನರಿನ್‌ಗೆ ಒಯ್ಯಿ, ಡಾಕ್ಟರು ನೋಡಲಿ' ಎಂದು ಚೀಟಿ ಬರೆದೆ.
ಅಜ್ಜಿ ಚಹಾ ಬಗ್ಗಿಸುತ್ತ ಕೇಳಿದಳು:
'ನಿನ್ನ ಕಾರ್ಡು ಯಾರ ಮಗುವನ್ನು ನೋಡಿ ಬರೆದದ್ದು?'
ಬಿಸಿ ಚಹಾ ಕುಡಿದೆ. ನಾಲಿಗೆ ಸುಟ್ಟಿತು.

ಅಷ್ಟರಲ್ಲಿ ಅಂಗಳದಲ್ಲಿ ಓಡುವ ಸದ್ದು.
ಉಮ್ಸುನಾಯ್, ಆರು ವರ್ಷದ ಅಕ್ಕ,
ನನ್ನ ಚೀಲದಿಂದ ಬ್ಯಾಂಡೇಜಿನ ಕತ್ತರಿ ಎಗರಿಸಿ,
ಮೊಳೆಯ ದಾರ ಇಳಿಸಿ, ತಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ,
ಕಾಲಿಗೆ ಸುತ್ತಿ, ಬೇಲಿಯ ತನಕ ಹೋಗಿ,
ಹಿಮ ಕರಗಿದ ಕೆಸರಲ್ಲಿ
ಒಬ್ಬಳೇ ಓಡಿ, ಒಬ್ಬಳೇ ಗೆದ್ದು,
ನಾವು ಹೊಸ್ತಿಲಿಗೆ ಬರುವಷ್ಟರಲ್ಲಿ
ಕಚಕ್.

ಅಜ್ಜಿ ಬಾಯಿಗೆ ಸೆರಗೊತ್ತಿದಳು.
ಬುರುಲ್ಚಾ ಕೈ ಎತ್ತಿದಳು, ಹೊಡೆಯಲೋ, ತಡೆಯಲೋ.
ಹುಡುಗಿ ಕತ್ತರಿ ಸಮೇತ ಬೇಲಿಗೆ ಓಟ.
ಅವನು ಎದ್ದು ನಿಂತನೇ?
ಹೇಳಿಬಿಡುತ್ತೇನೆ, ನಿಲ್ಲಲಿಲ್ಲ.
ಬಿದ್ದ ದಾರವನ್ನು ಹೆಬ್ಬೆಟ್ಟು ತೋರುಬೆರಳಲ್ಲಿ
ಹಾಲಿನೊಳಗಿನ ಕೂದಲಿನಂತೆ ಹೆಕ್ಕಿದ,
ದೋಣಿ ಹೂಡಿದ.
ಮೂವರು ಹೆಂಗಸರ ಪಾದ ದಾಟಿ,
ಬಕೆಟ್ಟು ದಾಟಿ, ಕುರಿಯ ಮೂತಿಯ ಕೆಳಗೆ ನುಸುಳಿ,
ಕೆಸರಲ್ಲಿ ಅಗಲವಾದ ಒಂದೇ ಗೆರೆ ಎಳೆಯುತ್ತ
ಇಡೀ ಓಟದ ದಾರಿಯನ್ನು ತಿರುಗುಮುರುಗಾಗಿ ಕ್ರಮಿಸಿ
ಅಳುತ್ತಿದ್ದ ಅಕ್ಕನ ಬಳಿ ನಿಲ್ಲಿಸಿ,
ದಾರದ ತುಂಡನ್ನು ಅವಳ ಕಾಲಿಗೆ
ಸುತ್ತತೊಡಗಿದ.
ಜಾರಿತು. ಮತ್ತೆ ಸುತ್ತಿದ.
ಆಮೇಲೆ ಕತ್ತರಿಗೆ ಕೈ ಚಾಚಿದ.

ಕಿತ್ತುಕೊಂಡೆವು, ಮತ್ತೇನು.
ನಡೆಯುತ್ತಾನೆ ಎಂಬ ಚೌಕ ಖಾಲಿ ಬಿಟ್ಟೆ.
ಖಾಲಿಯೇ ಇರಬೇಕು, ನರಿನ್‌ನಲ್ಲಿ ಓದುತ್ತಾರೆ.
ಅಂಚಿನಲ್ಲಿ ಮಾತ್ರ,
ಅಂಗಡಿಯ ಉದ್ದರಿಯಷ್ಟು ಚಿಕ್ಕ ಅಕ್ಷರದಲ್ಲಿ:
ತನ್ನ ಸರದಿ ಬಲ್ಲ.